‘ವಯಸ್ಸಾಯಿತು’ ಎಂಬ ತೀರ್ಪು ಬದಲಾದ ಕತೆ

ಅಂಗಿಯ ಗುಂಡಿ ಹಾಕಲು ಬೆರಳು ತಡವರಿಸುತ್ತದೆ. ಕಾಲಿನ ಚಪ್ಪಲಿ ಜಾರಿ ಹಿಂದೆ ಉಳಿದದ್ದು ನಾಲ್ಕು ಹೆಜ್ಜೆ ನಡೆದ ಮೇಲೆ ಗೊತ್ತಾಗುತ್ತದೆ. ಅನ್ನ ಕಲಸಿ ತುತ್ತು ಮಾಡಿದರೆ ಅರ್ಧ ತಟ್ಟೆಗೇ ಬೀಳುತ್ತದೆ. ಕತ್ತಲಲ್ಲಿ ಬಚ್ಚಲಿಗೆ ಹೋಗುವಾಗ ಗೋಡೆ ಹಿಡಿಯಬೇಕಾಗುತ್ತದೆ. ಇವು ಅರವತ್ತು ದಾಟಿದವರಲ್ಲಿ ಕಂಡರೆ ಮನೆಯವರು ಹೇಳುವ ಮಾತು ಒಂದೇ: ‘ವಯಸ್ಸಾಯಿತಲ್ಲ, ಇನ್ನೇನು?’

ಈ ಮಾತು ಅನೇಕ ಸಲ ನಿಜ. ಆದರೆ ಕೆಲವರಲ್ಲಿ ಇದು ವಯಸ್ಸಿನ ಸಹಜ ಕುಂದಲ್ಲ, ಕತ್ತಿನೊಳಗೆ ನಡೆದಿರುವ ಒಂದು ಒತ್ತುವರಿ. ಸವೆದ ಮೂಳೆ ಮತ್ತು ಉಬ್ಬಿದ ಡಿಸ್ಕ್‌ಗಳು ಮೆದುಳುಬಳ್ಳಿಯನ್ನು ನಿಧಾನವಾಗಿ ಅದುಮುತ್ತಿರುತ್ತವೆ. ನೋವು ಇರಲೇಬೇಕೆಂದಿಲ್ಲ. ಆದ್ದರಿಂದಲೇ ಇದು ತಡವಾಗಿ ಪತ್ತೆಯಾಗುತ್ತದೆ. ಈ ಒತ್ತಡವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದೇ? ತೆಗೆದರೆ ವೃದ್ಧರಿಗೆ ಲಾಭವೇ, ನಷ್ಟವೇ? ಈ ಪ್ರಶ್ನೆಗೆ ವೈದ್ಯವಿಜ್ಞಾನ ಉತ್ತರ ಹುಡುಕಿಕೊಳ್ಳಲು ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಆ ಹುಡುಕಾಟದ ಕತೆಯಲ್ಲಿ ತಪ್ಪು ಹೆಸರುಗಳಿವೆ, ಕೈಚೆಲ್ಲಿದ ದಶಕಗಳಿವೆ, ಆಶಾವಾದಕ್ಕೆ ಬಿದ್ದ ಪೆಟ್ಟುಗಳೂ ಇವೆ.

ಕಿರಿದಾಗುವ ಕಾಲುವೆ

ಮನುಷ್ಯನ ಕತ್ತಿನಲ್ಲಿ ಏಳು ಮೂಳೆಮಣಿಗಳಿವೆ. ಪ್ರತಿ ಮಣಿಯ ಹಿಂಭಾಗದಲ್ಲೂ ಒಂದು ರಂಧ್ರ. ಅವು ಒಂದರ ಮೇಲೊಂದು ಕೂತಾಗ ಒಂದು ಕಾಲುವೆಯಾಗುತ್ತದೆ. ಮೆದುಳಿನಿಂದ ಕೈಕಾಲುಗಳಿಗೆ ಹೋಗುವ ಆಜ್ಞೆಗಳನ್ನೂ ಅಲ್ಲಿಂದ ಬರುವ ಸುದ್ದಿಗಳನ್ನೂ ಹೊತ್ತ ಮೆದುಳುಬಳ್ಳಿ ಈ ಕಾಲುವೆಯಲ್ಲೇ ಇಳಿಯಬೇಕು. ಕತ್ತಿನ ನಡುಭಾಗದಲ್ಲಿ ಕಾಲುವೆಯ ಅಗಲ ಮುಂದಿನಿಂದ ಹಿಂದಕ್ಕೆ ಸುಮಾರು 17 ಮಿಲಿಮೀಟರ್. ಇದು 13ಕ್ಕಿಂತ ಕಡಿಮೆಯಿದ್ದರೆ ಇಕ್ಕಟ್ಟಾದ ಕಾಲುವೆ ಎನ್ನುತ್ತಾರೆ.

ಮಣಿಗಳ ನಡುವೆ ಮೆತ್ತೆಯಂತಿರುವ ಡಿಸ್ಕ್ ವಯಸ್ಸಾದಂತೆ ನೀರಿನ ಅಂಶ ಕಳೆದುಕೊಂಡು ತಗ್ಗುತ್ತದೆ, ಹಿಂದಕ್ಕೆ ಉಬ್ಬುತ್ತದೆ. ಅದರ ಅಂಚಿನಲ್ಲಿ ಮೂಳೆ ಮುಳ್ಳುಗಳಂತೆ ಬೆಳೆಯುತ್ತದೆ. ಹಿಂಭಾಗದ ಅಸ್ಥಿರಜ್ಜು ದಪ್ಪಗಾಗಿ ಒಳಕ್ಕೆ ಮಡಿಚಿಕೊಳ್ಳುತ್ತದೆ. ಮುಂದಿನಿಂದಲೂ ಹಿಂದಿನಿಂದಲೂ ಒತ್ತಡ ಬಿದ್ದಾಗ ಮೆದುಳುಬಳ್ಳಿ ಅಡಕತ್ತರಿಗೆ ಸಿಕ್ಕಂತಾಗುತ್ತದೆ. ಕತ್ತು ಬಗ್ಗಿಸಿ ಎತ್ತುವಾಗಲೆಲ್ಲ ಒತ್ತಡ ಹೆಚ್ಚುತ್ತದೆ. ರಕ್ತದ ಹರಿವು ಕುಗ್ಗಿ, ನರತಂತುಗಳು ಒಂದೊಂದಾಗಿ ಕೆಡುತ್ತವೆ.

ಇಲ್ಲೊಂದು ವಿಷಯ ಗಮನಿಸಬೇಕು. ಸವೆತ ಇದ್ದವರಿಗೆಲ್ಲ ಕಾಯಿಲೆ ಇರುವುದಿಲ್ಲ. ಯಾವ ತೊಂದರೆಯೂ ಇಲ್ಲದವರ ಕತ್ತನ್ನು ಎಂ.ಆರ್.ಐ. ಯಂತ್ರದಲ್ಲಿ ನೋಡಿದ ಜಪಾನಿನ ಅಧ್ಯಯನವೊಂದು 1998ರಲ್ಲಿ ಪ್ರಕಟವಾಯಿತು. ಅರವತ್ತು ದಾಟಿದವರ ಡಿಸ್ಕ್‌ಗಳಲ್ಲಿ ಶೇಕಡಾ 85ಕ್ಕೂ ಹೆಚ್ಚು ಸವೆದಿದ್ದವು. ಅವರೆಲ್ಲ ಆರಾಮವಾಗಿಯೇ ಇದ್ದರು. ನಮ್ಮಲ್ಲಿ ‘ಸ್ಪಾಂಡಿಲೋಸಿಸ್’ ಎಂಬ ಪದ ಕೇಳಿದೊಡನೆ ಹೆದರುವವರು ಇದನ್ನು ನೆನಪಿಡಬೇಕು. ತಲೆನೋವು ತರುವುದು ಸವೆತವಲ್ಲ, ಸವೆತದಿಂದ ಬಳ್ಳಿಗೆ ಬೀಳುವ ಒತ್ತಡ. ಈ ಎರಡನೆಯದಕ್ಕೆ ವೈದ್ಯರು ಮಯಲೋಪತಿ ಎನ್ನುತ್ತಾರೆ.

ಕೈ ಹಾಕಬಾರದ ಕಾಯಿಲೆ

ಕತ್ತಿನೊಳಗಿನ ಪೆಟ್ಟಿಗೆ ಕೈಕಾಲು ಸೋಲುತ್ತವೆ ಎಂಬುದು ಬಹಳ ಹಿಂದೆಯೇ ತಿಳಿದಿತ್ತು. ಈಜಿಪ್ಟಿನಲ್ಲಿ ದೊರೆತ, ಸುಮಾರು ಕ್ರಿಸ್ತಪೂರ್ವ 1600ರದ್ದೆಂದು ಗುರುತಿಸಿರುವ ಎಡ್ವಿನ್ ಸ್ಮಿತ್ ಪಪೈರಸ್ ಸುರುಳಿಯಲ್ಲಿ 48 ರೋಗಿಗಳ ವಿವರವಿದೆ. ಅದರಲ್ಲಿ ಕತ್ತಿನ ಮಣಿ ಜಾರಿ ಕೈಕಾಲುಗಳ ಅರಿವು ಕಳೆದುಕೊಂಡವನ ವರ್ಣನೆಯೂ ಉಂಟು. ಅವನ ಬಗ್ಗೆ ಸುರುಳಿ ಕೊಡುವ ತೀರ್ಪು, ಇದು ಚಿಕಿತ್ಸೆಗೆ ಒಳಪಡಿಸುವ ಕಾಯಿಲೆಯಲ್ಲ ಎಂದು. ಮೂರು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಈ ತೀರ್ಪನ್ನು ಹೆಚ್ಚಿನ ವೈದ್ಯರು ಮೀರಲಿಲ್ಲ.

ಮೀರಲು ಅರಿವಳಿಕೆ ಬೇಕಿತ್ತು, ನಂಜುನಿವಾರಣೆ ಬೇಕಿತ್ತು. ಅವೆರಡೂ ಹತ್ತೊಂಬತ್ತನೇ ಶತಮಾನದಲ್ಲಿ ಬಂದವು. 1887ರ ಜೂನ್ ತಿಂಗಳಲ್ಲಿ ಲಂಡನ್ನಿನ ಕ್ವೀನ್ ಸ್ಕ್ವೇರ್ ಆಸ್ಪತ್ರೆಯಲ್ಲಿ ವಿಕ್ಟರ್ ಹಾರ್ಸ್ಲಿ ಎಂಬ ಮೂವತ್ತು ವರ್ಷದ ಶಸ್ತ್ರಚಿಕಿತ್ಸಕ 42 ವರ್ಷದ ಕ್ಯಾಪ್ಟನ್ ಗಿಲ್ಬಿ ಎಂಬವರ ಬೆನ್ನುಮೂಳೆ ತೆರೆದು, ಮೆದುಳುಬಳ್ಳಿಯನ್ನು ಒತ್ತುತ್ತಿದ್ದ ಗಂಟನ್ನು ತೆಗೆದರು. ಕಾಲಿನ ಸ್ವಾಧೀನ ತಪ್ಪಿದ್ದ ರೋಗಿ ಮತ್ತೆ ನಡೆದರು. ಗಂಟು ಇದ್ದದ್ದು ಎದೆಯ ಮಟ್ಟದಲ್ಲಿ, ಕತ್ತಿನಲ್ಲಲ್ಲ. ಆದರೂ ಅದು ಒಂದು ಸತ್ಯವನ್ನು ಸ್ಥಾಪಿಸಿತು: ಒತ್ತಡ ತೆಗೆದರೆ ಬಳ್ಳಿ ಚೇತರಿಸಿಕೊಳ್ಳಬಲ್ಲದು.

ಮೂಳೆಯ ಹಿಂದಿನ ಕಮಾನನ್ನು ಕತ್ತರಿಸಿ ಕಾಲುವೆಯನ್ನು ತೆರೆಯುವ ಈ ವಿಧಾನಕ್ಕೆ ಲ್ಯಾಮಿನೆಕ್ಟಮಿ ಎಂದು ಹೆಸರು. ಮುಂದಿನ ಆರೇಳು ದಶಕ ಶಸ್ತ್ರಚಿಕಿತ್ಸಕರಿಗೆ ಗೊತ್ತಿದ್ದ ಪ್ರಮುಖ ದಾರಿ ಇದೇ ಆಗಿತ್ತು.

ತಪ್ಪು ಹೆಸರಿನ ಗಂಟು

ಆದರೆ ಒತ್ತುತ್ತಿರುವುದು ಏನು? 1928ರಲ್ಲಿ ನ್ಯೂಯಾರ್ಕಿನ ಬೈರನ್ ಸ್ಟೂಕಿ ಕತ್ತಿನ ಕಾಲುವೆಯ ಮುಂಭಾಗದಿಂದ ಬಳ್ಳಿಯನ್ನು ಒತ್ತುವ ಮೃದ್ವಸ್ಥಿಯ ಉಬ್ಬುಗಳನ್ನು ವರ್ಣಿಸಿ, ಅವನ್ನು ಒಂದು ಬಗೆಯ ಗಡ್ಡೆ ಎಂದೇ ಕರೆದರು. ವರ್ಣನೆ ಸರಿಯಾಗಿತ್ತು, ಹೆಸರು ತಪ್ಪಾಗಿತ್ತು. 1934ರಲ್ಲಿ ಬಾಸ್ಟನ್ನಿನ ಮಿಕ್ಸ್‌ಟರ್ ಮತ್ತು ಬಾರ್ ಇಂಥ ‘ಗಡ್ಡೆ’ಗಳಲ್ಲಿ ಅನೇಕವು ಒಡೆದು ಹೊರಬಂದ ಡಿಸ್ಕ್‌ನ ತುಣುಕುಗಳೇ ಎಂದು ತೋರಿಸಿದರು. ಅಲ್ಲಿಂದ ಡಿಸ್ಕ್ ಎಂಬ ಪದ ಮನೆಮಾತಾಯಿತು.

ಇನ್ನೂ ಒಂದು ಗೊಂದಲ ಉಳಿದಿತ್ತು. ಭಾರ ಎತ್ತಿದ ಯುವಕನಲ್ಲಿ ಥಟ್ಟನೆ ಜಾರಿದ ಡಿಸ್ಕ್ ಬೇರೆ, ಮುದುಕನಲ್ಲಿ ವರ್ಷಗಟ್ಟಲೆ ಕೂಡಿದ ಸವೆತ ಬೇರೆ. ಇವೆರಡನ್ನೂ ಸ್ಪಷ್ಟವಾಗಿ ಬೇರ್ಪಡಿಸಿದವರು ಇಂಗ್ಲೆಂಡಿನ ರಸೆಲ್ ಬ್ರೇನ್. ಮೆದುಳು ಎಂಬ ಅರ್ಥದ ಮನೆತನದ ಹೆಸರಿನ ಈ ನರರೋಗ ವೈದ್ಯರು ಅದೇ ಹೆಸರಿನ ವೈದ್ಯಪತ್ರಿಕೆಯ ಸಂಪಾದಕರೂ ಆಗಿದ್ದರು ಎಂಬುದು ಒಂದು ವಿನೋದ. 1952ರಲ್ಲಿ ನಾರ್ತ್‌ಫೀಲ್ಡ್ ಮತ್ತು ವಿಲ್ಕಿನ್ಸನ್ ಅವರೊಡನೆ ಬ್ರೇನ್ ಅದೇ ಪತ್ರಿಕೆಯಲ್ಲಿ ಬರೆದ ದೀರ್ಘ ಲೇಖನದಿಂದ ಕತ್ತಿನ ಸ್ಪಾಂಡಿಲೋಸಿಸ್ ಒಂದು ಪ್ರತ್ಯೇಕ ಕಾಯಿಲೆಯಾಗಿ ವೈದ್ಯರ ಕಣ್ಣಿಗೆ ಬಿತ್ತು. ವೃದ್ಧರ ತಡವರಿಸುವ ನಡಿಗೆಗೆ ಕತ್ತು ಕಾರಣವಿರಬಹುದು ಎಂಬ ಯೋಚನೆ ಅಲ್ಲಿಂದ ಬೇರೂರಿತು.

1954ರಲ್ಲಿ ಅಮೆರಿಕದ ಷ್ನೈಡರ್ ಮತ್ತು ಸಂಗಡಿಗರು ಇನ್ನೊಂದು ಚಿತ್ರ ಕೊಟ್ಟರು. ಮುಗ್ಗರಿಸಿ ಬಿದ್ದು ಗದ್ದಕ್ಕೋ ಹಣೆಗೋ ಪೆಟ್ಟಾಗಿ ಕತ್ತು ಹಿಂದಕ್ಕೆ ಬಾಗಿದಾಗ, ಮೂಳೆ ಮುರಿಯದಿದ್ದರೂ ಬಳ್ಳಿಯ ನಡುಭಾಗ ಜಜ್ಜಿಹೋಗುತ್ತದೆ. ಕಾಲಿಗಿಂತ ಕೈ ಹೆಚ್ಚು ಸೋಲುತ್ತದೆ. ಮೊದಲೇ ಇಕ್ಕಟ್ಟಾದ ಕಾಲುವೆಯುಳ್ಳ ವೃದ್ಧರಲ್ಲಿ ಇದು ಹೆಚ್ಚು. ನಡಿಗೆ ತಡವರಿಸಿದರೆ ಬೀಳುವ ಭಯ, ಬಿದ್ದರೆ ಬಳ್ಳಿ ಜಜ್ಜುವ ಭಯ. ಸುಮ್ಮನಿರುವುದೂ ಅಪಾಯವೇ ಎಂಬ ಅರಿವಿಗೆ ಇದು ಒಂದು ಆಧಾರವಾಯಿತು.

ಕಾಯಿಲೆಯನ್ನು ಹಾಗೇ ಬಿಟ್ಟರೆ ಏನಾಗುತ್ತದೆ? 1956ರಲ್ಲಿ ಕ್ಲಾರ್ಕ್ ಮತ್ತು ರಾಬಿನ್ಸನ್ 120 ರೋಗಿಗಳ ಚರಿತ್ರೆ ಜೋಡಿಸಿದರು. ಮುಕ್ಕಾಲು ಪಾಲು ಮಂದಿಯಲ್ಲಿ ಕಾಯಿಲೆ ಮೆಟ್ಟಿಲಿಳಿದಂತೆ ಸಾಗಿತ್ತು: ಕೆಲವು ಕಾಲ ಇದ್ದಲ್ಲೇ ನಿಲುಗಡೆ, ಆಮೇಲೆ ಹಠಾತ್ತನೆ ಒಂದು ಮೆಟ್ಟಿಲು ಕೆಳಗೆ. ನಿಂತಂತೆ ಕಾಣುವ ಕಾಲವೇ ರೋಗಿಯನ್ನೂ ವೈದ್ಯನನ್ನೂ ಮೋಸಗೊಳಿಸುತ್ತದೆ.

ಮುಂಬಾಗಿಲಿನ ದಾರಿ

ಒತ್ತಡ ಹೆಚ್ಚಾಗಿ ಇರುವುದು ಬಳ್ಳಿಯ ಮುಂದೆ. ಲ್ಯಾಮಿನೆಕ್ಟಮಿಯಲ್ಲಿ ತೆರೆಯುತ್ತಿದ್ದದ್ದು ಹಿಂದೆ. ಮೊದಲೇ ಜಾಗವಿಲ್ಲದ ಕಾಲುವೆಯೊಳಗೆ ಉಪಕರಣದ ತುದಿ ತೂರಿಸುವಾಗಲೇ ಬಳ್ಳಿಗೆ ಗಾಯವಾಗುವುದಿತ್ತು. ಕಮಾನುಗಳನ್ನು ತೆಗೆದ ಮೇಲೆ ಕೆಲವರಲ್ಲಿ ಕತ್ತು ಆಧಾರ ತಪ್ಪಿ ಮುಂದಕ್ಕೆ ಬಾಗಿಬಿಡುತ್ತಿತ್ತು.

1955ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ರಾಬರ್ಟ್ ರಾಬಿನ್ಸನ್ ಮತ್ತು ಜಾರ್ಜ್ ಸ್ಮಿತ್ ಕತ್ತಿನ ಮುಂಭಾಗದಿಂದ ಒಳಹೋಗುವ ವಿಧಾನವನ್ನು ಪ್ರಕಟಿಸಿದರು. ಅನ್ನನಾಳ ಮತ್ತು ಶ್ವಾಸನಾಳಗಳನ್ನು ಒಂದು ಬದಿಗೆ, ದೊಡ್ಡ ರಕ್ತನಾಳವನ್ನು ಇನ್ನೊಂದು ಬದಿಗೆ ಸರಿಸಿದರೆ ಡಿಸ್ಕ್ ನೇರವಾಗಿ ಕಾಣುತ್ತದೆ. ಅದನ್ನು ತೆಗೆದು, ಸೊಂಟದ ಮೂಳೆಯ ತುಣುಕನ್ನು ಅಲ್ಲಿಟ್ಟರೆ ಎರಡು ಮಣಿಗಳು ಬೆಸೆದುಕೊಳ್ಳುತ್ತವೆ. 1958ರಲ್ಲಿ ಹವಾಯಿಯ ಹೊನೊಲುಲುವಿನಿಂದ ರಾಲ್ಫ್ ಕ್ಲೋವರ್ಡ್ ಇಂಥದ್ದೇ ಇನ್ನೊಂದು ವಿಧಾನ ಪ್ರಕಟಿಸಿದರು. ದುಂಡಗೆ ಕೊರೆದ ತೂತಿಗೆ ಬಿರಡೆಯಂತೆ ಮೂಳೆ ಕೂರಿಸುವುದು ಅವರ ಉಪಾಯ. 1941ರಲ್ಲಿ ಪರ್ಲ್ ಹಾರ್ಬರ್ ಮೇಲೆ ಬಾಂಬು ಬಿದ್ದಾಗ ತಲೆಗೆ ಗಾಯಗೊಂಡವರಿಗೆ ಚಿಕಿತ್ಸೆ ನೀಡಿದ ನರಶಸ್ತ್ರಚಿಕಿತ್ಸಕರೂ ಇವರೇ.

ಇದೇ ಕಾಲಕ್ಕೆ ಭಾರತದಲ್ಲೂ ನರಶಸ್ತ್ರಚಿಕಿತ್ಸೆ ಬೇರುಬಿಡುತ್ತಿತ್ತು. 1949ರಲ್ಲಿ ಜೇಕಬ್ ಚಾಂಡಿ ವೆಲ್ಲೂರಿನಲ್ಲಿ ವಿಭಾಗ ಆರಂಭಿಸಿದ್ದರು. ಬೆಂಗಳೂರಿನಲ್ಲಿ 1954ರಲ್ಲಿ ಹುಟ್ಟಿದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಡಾ. ಆರ್. ಎಂ. ವರ್ಮ ನರಶಸ್ತ್ರಚಿಕಿತ್ಸೆಗೆ ಅಡಿಪಾಯ ಹಾಕಿದರು. ಆ ಸಂಸ್ಥೆಯೇ 1974ರಲ್ಲಿ ನಿಮ್ಹಾನ್ಸ್ ಆಯಿತು.

ಬಿದ್ದ ತಣ್ಣೀರು

ಹೊಸ ದಾರಿ ಸಿಕ್ಕ ಉತ್ಸಾಹಕ್ಕೆ ಲಂಡನ್ನಿನಿಂದ ತಣ್ಣೀರು ಬಿತ್ತು. 1963ರಲ್ಲಿ ಲೀಸ್ ಮತ್ತು ಟರ್ನರ್ ದೀರ್ಘಕಾಲ ಗಮನಿಸಿದ ರೋಗಿಗಳ ವಿವರ ನೀಡಿ, ಅನೇಕರಲ್ಲಿ ಕಾಯಿಲೆ ವರ್ಷಗಟ್ಟಲೆ ನಿಂತಲ್ಲೇ ನಿಲ್ಲುತ್ತದೆ, ಶಸ್ತ್ರಚಿಕಿತ್ಸೆಗೆ ಆತುರ ಬೇಡ ಎಂದರು. 1972ರಲ್ಲಿ ಸೈಮನ್ ನ್ಯೂರಿಕ್ ಲ್ಯಾಮಿನೆಕ್ಟಮಿ ಮಾಡಿಸಿಕೊಂಡವರನ್ನೂ ಬಿಟ್ಟವರನ್ನೂ ಹೋಲಿಸಿದಾಗ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಅರವತ್ತು ದಾಟಿದವರ ಭವಿಷ್ಯ ಕಿರಿಯರಷ್ಟು ಚೆನ್ನಾಗಿಲ್ಲ ಎಂಬುದನ್ನೂ ಅವರು ಗುರುತಿಸಿದರು.

ಈ ಮಾತನ್ನು ಎರಡು ರೀತಿ ಓದಬಹುದಿತ್ತು. ವೃದ್ಧರಲ್ಲಿ ಕಾಯಿಲೆ ಬೇಗ ಕೆಡುತ್ತದೆ, ಆದ್ದರಿಂದ ಅವರನ್ನು ಬೇಗ ನೋಡಬೇಕು ಎಂಬುದು ಒಂದು ಓದು. ವೃದ್ಧರಿಗೆ ಮಾಡಿ ಪ್ರಯೋಜನವೇನು ಎಂಬುದು ಇನ್ನೊಂದು. ಎರಡನೆಯ ಓದೇ ಸುಲಭವಾಗಿತ್ತು. ಅರಿವಳಿಕೆಯ ಅಪಾಯ, ಹೃದಯ ಮತ್ತು ಶ್ವಾಸಕೋಶದ ದೌರ್ಬಲ್ಯ, ಟೊಳ್ಳಾದ ಮೂಳೆ ಎಲ್ಲವೂ ಅದಕ್ಕೆ ಬೆಂಬಲವಾಗಿ ನಿಂತವು.

ಆದರೂ ನ್ಯೂರಿಕ್ ಒಂದು ಉಪಕಾರ ಮಾಡಿದರು. ನಡಿಗೆಯನ್ನು ಸೊನ್ನೆಯಿಂದ ಐದರವರೆಗೆ ಅಳೆಯುವ ಮಾಪಕ ಕೊಟ್ಟರು. ಕೊನೆಯ ದರ್ಜೆಯೆಂದರೆ ಕುರ್ಚಿ ಅಥವಾ ಹಾಸಿಗೆಗೆ ಸೀಮಿತವಾದ ಬದುಕು. ಅಳತೆ ಬಂದ ಮೇಲೆ ವಾದಕ್ಕೆ ಆಧಾರ ಬಂತು.

ಚಾಪ್‌ಸ್ಟಿಕ್ಕಿನಿಂದ ಗುಂಡಿಯವರೆಗೆ

ಮುಂದಿನ ಹೆಜ್ಜೆ ಇಟ್ಟದ್ದು ಜಪಾನ್. ಅಲ್ಲಿ ಬಳ್ಳಿಯ ಮುಂದಿರುವ ಅಸ್ಥಿರಜ್ಜು ಮೂಳೆಯಾಗಿಬಿಡುವ ವಿಚಿತ್ರ ಸ್ಥಿತಿ ನೂರಕ್ಕೆ ಎರಡರಿಂದ ನಾಲ್ಕು ಮಂದಿಯಲ್ಲಿ ಕಾಣುತ್ತದೆ. 1960ರಲ್ಲಿ ತ್ಸುಕಿಮೊತೊ ಶವಪರೀಕ್ಷೆಯೊಂದರಲ್ಲಿ ಇದನ್ನು ವರದಿ ಮಾಡಿದ್ದರು. ಹಲವು ಮಣಿಗಳ ಉದ್ದಕ್ಕೂ ಹಬ್ಬುವ ಈ ಒತ್ತಡವನ್ನು ಮುಂದಿನಿಂದ ತೆಗೆಯುವುದು ಕಷ್ಟ. ಹಿಂದಿನಿಂದ ಕಮಾನುಗಳನ್ನು ಪೂರಾ ಕಿತ್ತರೆ ಕತ್ತು ಬಾಗುವ ಭಯ.

1977ರಲ್ಲಿ ಟೋಕಿಯೋದ ಕೀಯೊ ವಿಶ್ವವಿದ್ಯಾಲಯದ ಹಿರಬಯಾಷಿ ಒಂದು ಸರಳ ಉಪಾಯ ಬಳಕೆಗೆ ತಂದರು. ಕಮಾನನ್ನು ತೆಗೆದು ಎಸೆಯುವ ಬದಲು ಒಂದು ಬದಿ ಕತ್ತರಿಸಿ, ಇನ್ನೊಂದು ಬದಿಯನ್ನು ಕೀಲಿನಂತೆ ಉಳಿಸಿ, ಬಾಗಿಲು ತೆರೆದಂತೆ ತೆರೆದು ನಿಲ್ಲಿಸುವುದು. ಕಾಲುವೆ ಹಿಗ್ಗುತ್ತದೆ, ಮೂಳೆ ಉಳಿಯುತ್ತದೆ. ಲ್ಯಾಮಿನೋಪ್ಲಾಸ್ಟಿ ಎಂಬ ಈ ವಿಧಾನಕ್ಕೆ ‘ತೆರೆದ ಬಾಗಿಲು’ ಎಂದೇ ಹೆಸರಾಯಿತು. ಹಲವು ಮಣಿಗಳಲ್ಲಿ ಒತ್ತಡವಿರುವುದು ಹೆಚ್ಚಾಗಿ ವೃದ್ಧರಲ್ಲಿ. ಹಾಗಾಗಿ ಅವರಿಗೆ ಇದು ವರವಾಯಿತು.

ಅಳತೆಯಲ್ಲೂ ಜಪಾನ್ ಮುಂದಾಯಿತು. ಅಲ್ಲಿನ ಮೂಳೆ ವೈದ್ಯರ ಸಂಘ 1975ರಲ್ಲಿ 17 ಅಂಕಗಳ ಪಟ್ಟಿ ತಂದಿತು. ಕೈ, ಕಾಲು, ಸ್ಪರ್ಶಜ್ಞಾನ, ಮೂತ್ರ ನಿಯಂತ್ರಣ ನಾಲ್ಕಕ್ಕೂ ಅಂಕ. ಕೈಯ ಪರೀಕ್ಷೆಗೆ ಅವರು ಆರಿಸಿಕೊಂಡದ್ದು ಚಾಪ್‌ಸ್ಟಿಕ್ ಹಿಡಿಯುವುದನ್ನು. ಅಮೆರಿಕದವರು 1991ರಲ್ಲಿ ಇದನ್ನು ತಮಗೆ ತಕ್ಕಂತೆ ತಿದ್ದಿ 18 ಅಂಕ ಮಾಡಿ, ಚಾಪ್‌ಸ್ಟಿಕ್ ಬದಲು ಚಮಚ ಮತ್ತು ಅಂಗಿಯ ಗುಂಡಿ ಸೇರಿಸಿದರು. ಅಳೆಯುತ್ತಿದ್ದದ್ದು ಮಾತ್ರ ಒಂದೇ: ಮನುಷ್ಯ ಯಾರ ಹಂಗೂ ಇಲ್ಲದೆ ಉಣ್ಣಬಲ್ಲನೇ, ಉಡಬಲ್ಲನೇ, ನಡೆಯಬಲ್ಲನೇ?

ಇದರ ಜೊತೆಗೆ 1980ರ ದಶಕದಲ್ಲಿ ಎಂ.ಆರ್.ಐ. ಬಂತು. 1920ರ ದಶಕದಿಂದ ಬೆನ್ನಿಗೆ ಸೂಜಿ ಚುಚ್ಚಿ, ಎಣ್ಣೆಯಂಥ ದ್ರಾವಣ ಸೇರಿಸಿ ಎಕ್ಸ್‌ರೇ ತೆಗೆಯುವುದೇ ಬಳ್ಳಿಯ ಒತ್ತಡ ಕಾಣುವ ದಾರಿಯಾಗಿತ್ತು. ಈಗ ಚುಚ್ಚದೆಯೇ ಬಳ್ಳಿ ಕಂಡಿತು. ಸೂಕ್ಷ್ಮದರ್ಶಕ, ವೇಗದ ಡ್ರಿಲ್, ಉತ್ತಮ ಅರಿವಳಿಕೆ ಎಲ್ಲವೂ ಸೇರಿ ವೃದ್ಧರ ಶಸ್ತ್ರಚಿಕಿತ್ಸೆ ಸಾಹಸವಾಗಿ ಉಳಿಯಲಿಲ್ಲ.

ಲೆಕ್ಕ ಹೇಳುವುದೇನು?

ಇಷ್ಟಾದರೂ ಸಂಶಯ ಇತ್ತು. ಜೆಕ್ ಗಣರಾಜ್ಯದ ಕದಾನ್ಕ ಮತ್ತು ಸಂಗಡಿಗರು ಸೌಮ್ಯ ಹಾಗೂ ಮಧ್ಯಮ ಹಂತದ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಶಸ್ತ್ರಚಿಕಿತ್ಸೆ, ಇನ್ನೊಂದಕ್ಕೆ ಬರಿಯ ಔಷಧೋಪಚಾರ ನೀಡಿ ಹತ್ತು ವರ್ಷ ಗಮನಿಸಿದರು. 2000ದಿಂದ 2011ರವರೆಗೆ ಪ್ರಕಟವಾದ ಅವರ ಫಲಿತಾಂಶಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ರೋಗಿಗಳ ಸಂಖ್ಯೆ ಎಪ್ಪತ್ತಕ್ಕಿಂತ ಕಡಿಮೆ, ಕಾಯಿಲೆಯೂ ತೀವ್ರವಲ್ಲ ಎಂಬ ಮಿತಿ ಇದ್ದರೂ, ಸೌಮ್ಯ ಹಂತದಲ್ಲಿ ಕಾದು ನೋಡಬಹುದೆಂಬ ವಾದಕ್ಕೆ ಇದು ಬಲ ಕೊಟ್ಟಿತು.

ಇನ್ನೊಂದು ದಿಕ್ಕಿನ ಉತ್ತರ ಕೆನಡಾದ ಮೈಕೆಲ್ ಫೆಲಿಂಗ್ಸ್ ಮುಂದಾಳುತನದ ಅಧ್ಯಯನಗಳಿಂದ ಬಂತು. ಉತ್ತರ ಅಮೆರಿಕದ 12 ಕೇಂದ್ರಗಳ 278 ರೋಗಿಗಳ ವರದಿ 2013ರಲ್ಲಿ ಪ್ರಕಟವಾಯಿತು. ಸೌಮ್ಯ, ಮಧ್ಯಮ, ತೀವ್ರ ಮೂರೂ ಹಂತಗಳಲ್ಲಿ ಶಸ್ತ್ರಚಿಕಿತ್ಸೆಯಾದ ವರ್ಷದ ನಂತರ ಸುಧಾರಣೆ ಇತ್ತು. ಅಲ್ಲಿಯವರೆಗೆ ಶಸ್ತ್ರಚಿಕಿತ್ಸೆಯ ಗುರಿ ಕಾಯಿಲೆಯನ್ನು ಇದ್ದಲ್ಲೇ ನಿಲ್ಲಿಸುವುದು ಎಂದಷ್ಟೇ ಹೇಳಲಾಗುತ್ತಿತ್ತು. ನಿಲ್ಲಿಸುವುದಷ್ಟೇ ಅಲ್ಲ, ಸ್ವಲ್ಪ ಹಿಂದಕ್ಕೂ ತರಬಹುದು ಎಂದು ಇದು ತೋರಿಸಿತು.

ವೃದ್ಧರ ಪ್ರಶ್ನೆಗೆ ನೇರ ಉತ್ತರ ಬಂದದ್ದು ಅದೇ ಬಳಗ ಹಲವು ದೇಶಗಳ 479 ರೋಗಿಗಳ ಮೇಲೆ ನಡೆಸಿದ ಅಧ್ಯಯನದಿಂದ. ನಕಾಷಿಮ ಮತ್ತು ಸಂಗಡಿಗರು 65 ದಾಟಿದವರನ್ನು ಕಿರಿಯರೊಡನೆ ಹೋಲಿಸಿದರು. ಎರಡು ವರ್ಷದ ನಂತರ ಹಿರಿಯರ ಅಂಕಗಳು ಕಿರಿಯರದಕ್ಕಿಂತ ಕಡಿಮೆ ಇದ್ದವು. ಆದರೆ ತಮ್ಮ ಹಿಂದಿನ ಸ್ಥಿತಿಗಿಂತ ಅವರೂ ಮೇಲೆ ಬಂದಿದ್ದರು. ವಯಸ್ಸು ಲಾಭವನ್ನು ತಗ್ಗಿಸುತ್ತದೆ, ಇಲ್ಲವಾಗಿಸುವುದಿಲ್ಲ ಎಂಬುದು ಇದರ ಸಾರ.

ಫಲವನ್ನು ನಿರ್ಧರಿಸುವುದು ವಯಸ್ಸೊಂದೇ ಅಲ್ಲ ಎಂಬುದೂ ಇಂಥ ಅಧ್ಯಯನಗಳಿಂದ ಗೊತ್ತಾಯಿತು. ಎಷ್ಟು ಕಾಲದಿಂದ ಲಕ್ಷಣಗಳಿವೆ, ಶಸ್ತ್ರಚಿಕಿತ್ಸೆಯ ಹೊತ್ತಿಗೆ ಎಷ್ಟು ತೀವ್ರವಾಗಿವೆ, ನಡಿಗೆ ಕೆಟ್ಟಿದೆಯೇ, ಬೀಡಿ ಸಿಗರೇಟಿನ ಅಭ್ಯಾಸವಿದೆಯೇ, ಬೇರೆ ಕಾಯಿಲೆಗಳಿವೆಯೇ ಎಂಬವೂ ಲೆಕ್ಕಕ್ಕೆ ಬರುತ್ತವೆ. ಸತ್ತ ನರತಂತು ಮತ್ತೆ ಹುಟ್ಟುವುದಿಲ್ಲ. ಹಾಗಾಗಿ ಐವತ್ತೈದರಲ್ಲಿ ಐದು ವರ್ಷ ತಡಮಾಡಿದವರಿಗಿಂತ ಎಪ್ಪತ್ತೈದರಲ್ಲಿ ಆರು ತಿಂಗಳಿಗೇ ಬಂದವರು ಚೆನ್ನಾಗಿ ಚೇತರಿಸಿಕೊಳ್ಳುವುದೂ ಸಾಧ್ಯ.

2017ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಮಾರ್ಗಸೂಚಿ ಮಧ್ಯಮ ಮತ್ತು ತೀವ್ರ ಹಂತದವರಿಗೆ ಶಸ್ತ್ರಚಿಕಿತ್ಸೆಯನ್ನು ಶಿಫಾರಸು ಮಾಡಿತು. ಸೌಮ್ಯ ಹಂತದವರಿಗೆ ಶಸ್ತ್ರಚಿಕಿತ್ಸೆ ಇಲ್ಲವೇ ವೈದ್ಯರ ನಿಗಾದಲ್ಲಿ ವ್ಯಾಯಾಮ ಚಿಕಿತ್ಸೆ ಎಂಬ ಆಯ್ಕೆ ಕೊಟ್ಟಿತು. ಮಾರ್ಗಸೂಚಿ ಹಂತಗಳನ್ನು ವಿಂಗಡಿಸಿದ್ದು ರೋಗಿಯ ವಯಸ್ಸಿನಿಂದಲ್ಲ, 18 ಅಂಕಗಳ ಆ ಪಟ್ಟಿಯಿಂದ.

ಅಪಾಯದ ಪಾಲು

ಇದರ ಅರ್ಥ ಎಲ್ಲ ಸುಗಮ ಎಂದಲ್ಲ. ಮುಂದಿನ ದಾರಿಯಲ್ಲಿ ನುಂಗಲು ತೊಂದರೆ, ಧ್ವನಿ ಒಡೆಯುವುದು ಉಂಟು. ನೂರರಲ್ಲಿ ಸುಮಾರು ಐದು ಮಂದಿಗೆ ಶಸ್ತ್ರಚಿಕಿತ್ಸೆಯ ನಂತರ ಭುಜ ಎತ್ತುವ ಶಕ್ತಿ ಕುಂದುತ್ತದೆ. ಅನೇಕರಲ್ಲಿ ಇದು ತಿಂಗಳುಗಳಲ್ಲಿ ಸರಿಹೋಗುತ್ತದೆ. ವೃದ್ಧರಲ್ಲಿ ಕೆಲವು ದಿನ ಮನಸ್ಸು ಗಲಿಬಿಲಿಗೊಂಡು, ಹಗಲುರಾತ್ರಿಯ ಪರಿವೆ ತಪ್ಪುವುದಿದೆ. ಟೊಳ್ಳು ಮೂಳೆಯಲ್ಲಿ ತಿರುಪು ಸಡಿಲವಾಗಬಹುದು.

ಮುಂದಿನ ದಾರಿಯೋ ಹಿಂದಿನ ದಾರಿಯೋ ಎಂಬ ಹಳೆಯ ಜಗಳಕ್ಕೂ 2021ರಲ್ಲಿ ಒಂದು ಉತ್ತರ ಸಿಕ್ಕಿತು. ಉತ್ತರ ಅಮೆರಿಕದಲ್ಲಿ 45ರಿಂದ 80 ವಯಸ್ಸಿನ 163 ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ, ವರ್ಷದ ನಂತರ ದೈಹಿಕ ಕ್ಷಮತೆಯಲ್ಲಿ ಎರಡು ದಾರಿಗಳ ನಡುವೆ ಗಣನೀಯ ಅಂತರ ಇರಲಿಲ್ಲ. ತೊಡಕುಗಳು ಮಾತ್ರ ಮುಂದಿನ ದಾರಿಯಲ್ಲಿ ಶೇಕಡಾ 48, ಹಿಂದಿನದರಲ್ಲಿ ಶೇಕಡಾ 24. ನುಂಗುವ ತೊಂದರೆಯೇ ಇದಕ್ಕೆ ಮುಖ್ಯ ಕಾರಣ. ಔಷಧದಿಂದ ಲಾಭ ಹೆಚ್ಚಿಸುವ ಯತ್ನ ಅಷ್ಟು ಫಲಿಸಲಿಲ್ಲ. ಶಸ್ತ್ರಚಿಕಿತ್ಸೆಯ ಜೊತೆ ರಿಲುಜೋಲ್ ಎಂಬ ಔಷಧ ಕೊಟ್ಟು ನೋಡಿದ ಪರೀಕ್ಷೆ ಅದೇ ವರ್ಷ ನಿರಾಶೆಯಲ್ಲಿ ಮುಗಿಯಿತು.

ಹೀಗೆ ಕತ್ತಿಯ ಕೆಲಸ ಸಾಕಷ್ಟು ಪಳಗಿದೆ. ಪಳಗದೆ ಉಳಿದಿರುವುದು ಗುರುತಿಸುವ ಕೆಲಸ. ಲಕ್ಷಣ ಆರಂಭವಾದಲ್ಲಿಂದ ಕಾಯಿಲೆ ಪತ್ತೆಯಾಗುವವರೆಗೆ ಸರಾಸರಿ ಎರಡು ವರ್ಷಕ್ಕೂ ಹೆಚ್ಚು ಕಾಲ ಕಳೆಯುತ್ತದೆ ಎಂದು 2013ರ ಅಧ್ಯಯನವೊಂದು ತೋರಿಸಿತು. ರೋಗಿಗಳು ಮತ್ತು ವೈದ್ಯರು ಸೇರಿ ಈ ಕಾಯಿಲೆಯ ಸಂಶೋಧನೆಗೆ ಹತ್ತು ಆದ್ಯತೆಗಳನ್ನು ಆರಿಸಿದಾಗ ಮೊದಲ ಸ್ಥಾನ ಪಡೆದದ್ದು ಹೊಸ ಉಪಕರಣವಲ್ಲ, ಜನರಲ್ಲೂ ವೈದ್ಯರಲ್ಲೂ ತಿಳಿವಳಿಕೆ ಹೆಚ್ಚಿಸುವುದು.

ಆ ತಿಳಿವಳಿಕೆಗೆ ದೊಡ್ಡ ಯಂತ್ರವೇನೂ ಬೇಕಿಲ್ಲ. ಕೈ ಮುಷ್ಟಿ ಕಟ್ಟಿ ಬಿಚ್ಚುವ ವೇಗ, ಒಂದೇ ಗೆರೆಯ ಮೇಲೆ ಹೆಜ್ಜೆಯಿಟ್ಟು ನಡೆಯುವ ಸಾಮರ್ಥ್ಯ, ಅಂಗಾಲು ಗೀಚಿದಾಗ ಹೆಬ್ಬೆರಳು ಮೇಲೇಳುವುದೇ ಎಂಬ ಪರೀಕ್ಷೆ ಇವು ಯಾವ ಊರಿನ ಆಸ್ಪತ್ರೆಯಲ್ಲೂ ಸಾಧ್ಯ. ಬಳ್ಳಿಗೆ ಒತ್ತಡವಿದೆಯೆಂಬ ಅನುಮಾನ ಬಂದರೆ ಆಮೇಲೆ ಎಂ.ಆರ್.ಐ. ಇದ್ದೇ ಇದೆ. ಅನುಮಾನ ಇರುವಾಗ ಕತ್ತು ತಿರುಚಿಸಿಕೊಳ್ಳುವ, ನೀವಿಸಿಕೊಳ್ಳುವ ಚಿಕಿತ್ಸೆಗೆ ಹೋಗದಿರುವುದು ಲೇಸು.

ವಯಸ್ಸು ಎಲ್ಲರಿಗೂ ಆಗುತ್ತದೆ. ಅದಕ್ಕೆ ಮದ್ದಿಲ್ಲ. ಆದರೆ ವಯಸ್ಸಿನ ಹೆಸರು ಹೊತ್ತು ಬರುವುದೆಲ್ಲ ವಯಸ್ಸಲ್ಲ. ಶಸ್ತ್ರಚಿಕಿತ್ಸೆ ಬೇಕೋ ಬೇಡವೋ ಎಂಬುದನ್ನು ರೋಗಿ, ಮನೆಯವರು ಮತ್ತು ವೈದ್ಯರು ಕೂತು ತೂಗಿ ನಿರ್ಧರಿಸಲಿ. ಬೇಡವೆಂದು ತೀರ್ಮಾನಿಸುವುದೂ ಕೆಲವೊಮ್ಮೆ ಸರಿಯೇ. ಆದರೆ ಪರೀಕ್ಷೆಯನ್ನೇ ಮಾಡದೆ ‘ವಯಸ್ಸಾಯಿತು’ ಎಂದು ಬಿಡುವುದು, ಒಂದು ಶತಮಾನದ ದುಡಿಮೆಯಿಂದ ದೊರೆತ ಅವಕಾಶವನ್ನು ಮನೆಯ ಹೊಸ್ತಿಲಲ್ಲೇ ಕಳೆದುಕೊಂಡಂತೆ.